ವಾಣಿಜ್ಯ ದೋಣಿಗಳ ಶೌಚ ತ್ಯಾಜ್ಯ ನಿರ್ವಹಣೆ: ಗುರುಗುಂಟಾ ಹಾಗೂ ಕೃಷ್ಣಾ ತೀರದ ಅರ್ಜಿದಾರರಿಗೆ ಮಾಹಿತಿ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾಕ್ಕೆ ಉತ್ತರದಲ್ಲಿ ಕೃಷ್ಣಾ ನದಿಯು ಹರಿಯುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಬಂದ ನೀರು ಜಲದುರ್ಗ, ಶೀಲಹಳ್ಳಿ, ಯಳಗುಂದಿ, ಹಂಚಿನಾಳಗಳ ಆಸುಪಾಸಿನಲ್ಲಿ ಕವಲೊಡೆದು, ನಡುಗಡ್ಡೆಗಳನ್ನು ಬಳಸಿಕೊಂಡು ತಿಂಥಣಿ ಸೇತುವೆಯ ಕಡೆಗೆ ಸಾಗುತ್ತದೆ. ಈ ಭಾಗದಲ್ಲಿ ಜನರು ನದಿ ದಾಟಲು ಬಹುಕಾಲದಿಂದ ಬಳಸುತ್ತಿರುವುದು ಹರಿಗೋಲು, ತೆಪ್ಪ ಮತ್ತು ಸಣ್ಣ ದೋಣಿಗಳನ್ನು. ಇವುಗಳಲ್ಲಿ ಶೌಚಾಲಯವಿರುವುದಿಲ್ಲವಾದ್ದರಿಂದ ಶೌಚ ತ್ಯಾಜ್ಯದ ಪ್ರಶ್ನೆಯೇ ಇಲ್ಲವೆಂದು ಭಾವಿಸುವುದು ಸಹಜ. ಆದರೆ 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯು 4ನೇ ರಾಷ್ಟ್ರೀಯ ಜಲಮಾರ್ಗವನ್ನು ಕೃಷ್ಣಾ ನದಿಯಲ್ಲಿ ಬಾಗಲಕೋಟೆ ಜಿಲ್ಲೆಯ ಗಲಗಲಿಯವರೆಗೆ ವಿಸ್ತರಿಸಿದ್ದು, ಲಿಂಗಸುಗೂರು ತಾಲ್ಲೂಕಿನ ನದಿ ಭಾಗವೂ ಅದರೊಳಗೆ ಸೇರಿದೆ. ಜಲಾಶಯದ ಹಿನ್ನೀರಿನಲ್ಲಿಯಾಗಲಿ, ನದಿಯಲ್ಲಿಯಾಗಲಿ ವಿಹಾರ ದೋಣಿ, ಮನೆದೋಣಿ ಅಥವಾ ಯಂತ್ರಚಾಲಿತ ಪ್ರಯಾಣಿಕ ದೋಣಿಯನ್ನು ವಾಣಿಜ್ಯ ಉದ್ದೇಶಕ್ಕೆ ನಡೆಸಲು ಇಚ್ಛಿಸುವವರು ದೋಣಿಯನ್ನು ಕಟ್ಟಿಸುವ ಮೊದಲೇ ಈ ವಿಷಯವನ್ನು ತಿಳಿದಿರುವುದು ಅವಶ್ಯ. ದೋಣಿ ಸಿದ್ಧವಾದ ಮೇಲೆ ತ್ಯಾಜ್ಯದ ಟ್ಯಾಂಕಿಗೆ ಸ್ಥಳ ಹುಡುಕುವುದು ಕಷ್ಟಸಾಧ್ಯ ಮತ್ತು ವೆಚ್ಚದಾಯಕ.

ಅರ್ಜಿದಾರರು ಮನಗಾಣಬೇಕಾದ ಮುಖ್ಯ ಅಂಶ ಒಂದೇ. ದೋಣಿಯ ಶೌಚ ತ್ಯಾಜ್ಯವನ್ನು ನದಿಗೆ ಬಿಡದೆ ದೋಣಿಯಲ್ಲಿಯೇ ಹಿಡಿದಿಟ್ಟು, ದಡಕ್ಕೆ ತಂದು, ದಡದಿಂದ ಸಂಸ್ಕರಣೆಯ ಸ್ಥಳಕ್ಕೆ ಮುಟ್ಟಿಸತಕ್ಕದ್ದು. ಇವುಗಳಲ್ಲಿ ಮೊದಲನೆಯ ಹಂತವನ್ನು ಬಹುತೇಕ ಎಲ್ಲರೂ ಯೋಜನೆಯಲ್ಲಿ ತೋರಿಸುತ್ತಾರೆ. ಕೊನೆಯ ಹಂತವನ್ನು ತೋರಿಸುವವರು ವಿರಳ. ಟ್ಯಾಂಕಿ ಇದ್ದೂ ಅದನ್ನು ಖಾಲಿ ಮಾಡಲು ಸ್ಥಳವಿಲ್ಲದಿದ್ದರೆ ತ್ಯಾಜ್ಯವು ರಾತ್ರಿಯ ವೇಳೆ ನದಿಯನ್ನೇ ಸೇರುತ್ತದೆ.

ನದಿಯ ಈ ಭಾಗದ ಸ್ಥಿತಿ

ಹರಿಯುವ ನೀರಿಗೆ ಮೈಲಿಗೆಯಿಲ್ಲವೆಂಬ ಮಾತು ರೂಢಿಯಲ್ಲಿದೆ. ಮಳೆಗಾಲದ ಕೃಷ್ಣೆಯನ್ನು ಕಂಡವರಿಗೆ ಅದು ನಿಜವೆನಿಸಲೂಬಹುದು. ಆದರೆ ಬೇಸಿಗೆಯಲ್ಲಿ ಜಲಾಶಯದಿಂದ ನೀರು ಬಿಡದಿರುವಾಗ ಅಣೆಕಟ್ಟಿನ ಕೆಳಭಾಗದ ನದಿಯು ಬಂಡೆಗಳ ನಡುವಿನ ಮಡುಗಳಾಗಿ ನಿಲ್ಲುತ್ತದೆ. ನಿಂತ ಮಡುವಿಗೆ ಬಿದ್ದ ಮಲಿನವು ಅಲ್ಲಿಯೇ ಉಳಿಯುತ್ತದೆ. ನಡುಗಡ್ಡೆಯ ಕುಟುಂಬಗಳು, ದನ ಕುರಿ ಕಾಯುವವರು ಹಾಗೂ ಮೀನು ಹಿಡಿಯುವವರು ಬಳಸುವುದು ಆ ಮಡುವಿನ ನೀರನ್ನೇ. ಹಟ್ಟಿ ಚಿನ್ನದ ಗಣಿ ಪಟ್ಟಣಕ್ಕೂ ಕೃಷ್ಣೆಯೇ ಆಸರೆ. ತಿಂಥಣಿಯ ಮೌನೇಶ್ವರ ಜಾತ್ರೆಗೂ ನಾರಾಯಣಪುರದ ಛಾಯಾ ಭಗವತಿ ಕ್ಷೇತ್ರಕ್ಕೂ ಬರುವ ಭಕ್ತರು ಇದೇ ನೀರಿನಲ್ಲಿ ಸ್ನಾನ ಮಾಡಿ ತೀರ್ಥವನ್ನು ಸ್ವೀಕರಿಸುತ್ತಾರೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಕರ್ನಾಟಕದ 17 ನದಿ ಭಾಗಗಳನ್ನು ಕಲುಷಿತವೆಂದು ಗುರುತಿಸಿತು. ಅವುಗಳಲ್ಲಿ ಕೃಷ್ಣೆಯ ಯಡೂರವಾಡಿಯಿಂದ ತಿಂಥಣಿ ಸೇತುವೆಯವರೆಗಿನ ಭಾಗವೂ ಒಂದು. ನೀರಿನ ಜೈವಿಕ ಆಮ್ಲಜನಕ ಬೇಡಿಕೆಯು ಲೀಟರಿಗೆ 3 ಮಿಲಿಗ್ರಾಂ ಮೀರಿರುವುದೇ ಈ ಗುರುತಿಸುವಿಕೆಗೆ ಆಧಾರ. ಜೈವಿಕ ಆಮ್ಲಜನಕ ಬೇಡಿಕೆಯೆಂದರೆ ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಜೀರ್ಣಿಸಲು ಸೂಕ್ಷ್ಮಾಣುಗಳು ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣ. ಅದು ಹೆಚ್ಚಿದಷ್ಟೂ ಮೀನುಗಳ ಪಾಲಿನ ಆಮ್ಲಜನಕ ಕಡಿಮೆಯಾಗುತ್ತದೆ. ಊರುಗಳ ಚರಂಡಿ ನೀರಿನಲ್ಲಿ ಈ ಬೇಡಿಕೆಯು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂನಷ್ಟಿರುತ್ತದೆ. ದೋಣಿಯ ಟ್ಯಾಂಕಿಯಲ್ಲಿ ನೀರು ಕಡಿಮೆ, ಮಲ ಹೆಚ್ಚು. ಆದ್ದರಿಂದ ಅಲ್ಲಿನ ತ್ಯಾಜ್ಯವು ಚರಂಡಿ ನೀರಿಗಿಂತಲೂ ಗಾಢವಾಗಿರುತ್ತದೆ.

ರೋಗಾಣುಗಳ ಲೆಕ್ಕ ಬೇರೆ. ಸೋಂಕು ನಿವಾರಣೆ ಮಾತ್ರ ಮಾಡಿ ಕುಡಿಯಬಹುದಾದ ನೀರಿನ ಮೂಲದಲ್ಲಿ 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ ಸಂಖ್ಯೆ 50ನ್ನು, ಸ್ನಾನಕ್ಕೆ ಬಳಸುವ ನೀರಿನಲ್ಲಿ 500ನ್ನು, ಪೂರ್ಣ ಶುದ್ಧೀಕರಣದ ನಂತರ ಕುಡಿಯಲು ಬಳಸುವ ನೀರಿನಲ್ಲಿ 5000ವನ್ನು ಮೀರಬಾರದೆಂದು ಕೇಂದ್ರ ಮಂಡಳಿಯ ವರ್ಗೀಕರಣವು ಹೇಳುತ್ತದೆ. ಸಂಸ್ಕರಿಸದ ಶೌಚ ನೀರಿನಲ್ಲಿ ಈ ಸಂಖ್ಯೆಯು ಲಕ್ಷಗಳನ್ನು ದಾಟಿ ಕೋಟಿಗಳಲ್ಲಿರುತ್ತದೆ. ಹೀಗಾಗಿ ಒಂದು ದೋಣಿಯಿಂದ ಏನಾದೀತು ಎಂಬ ವಾದವು ಮಡುವಿನ ನೀರನ್ನು ಕುಡಿಯುವ ಊರಿನ ಮುಂದೆ ನಿಲ್ಲುವುದಿಲ್ಲ. ಕಲುಷಿತ ಕುಡಿಯುವ ನೀರಿನಿಂದ 2022ರಲ್ಲಿ ರಾಯಚೂರು ನಗರದಲ್ಲಿಯೂ 2023ರಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿಯೂ ಸಾವುಗಳು ಸಂಭವಿಸಿದವು. ಅವುಗಳಿಗೂ ದೋಣಿಗಳಿಗೂ ಸಂಬಂಧವಿಲ್ಲ. ಆದರೆ ನೀರಿಗೆ ಮಲಿನ ಸೇರಿದರೆ ಏನಾಗುತ್ತದೆಂಬುದನ್ನು ಈ ಜಿಲ್ಲೆಯ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಅನ್ವಯಿಸುವ ಕಾನೂನುಗಳು

1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯಿದೆಯ 24ನೇ ಪ್ರಕರಣವು ಮಾಲಿನ್ಯಕಾರಕ ಪದಾರ್ಥವನ್ನು ಗೊತ್ತಿದ್ದೂ ನದಿ, ಹಳ್ಳ ಅಥವಾ ಬಾವಿಗೆ ಬಿಡುವುದನ್ನು ನಿಷೇಧಿಸುತ್ತದೆ. ಕಾಯಿದೆಯ ಅರ್ಥದಲ್ಲಿ ತತ್ಕಾಲಕ್ಕೆ ಒಣಗಿರುವ ಹಳ್ಳವೂ ಜಲಪ್ರವಾಹವೇ ಆಗಿದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಟ್ಯಾಂಕಿಯ ತ್ಯಾಜ್ಯವನ್ನು ಬೇಸಿಗೆಯಲ್ಲಿ ಒಣ ಹಳ್ಳಕ್ಕೆ ಸುರಿದು, ನದಿಗೆ ಬಿಟ್ಟಿಲ್ಲವೆಂದು ಹೇಳುವುದು ಸಮಜಾಯಿಷಿಯಾಗುವುದಿಲ್ಲ. ಮೊದಲ ಮಳೆಗೆ ಅದು ಕೃಷ್ಣೆಯನ್ನೇ ಸೇರುತ್ತದೆ.

1917ರ ಒಳನಾಡು ಹಡಗು ಕಾಯಿದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯು 2022ರಲ್ಲಿ ಜಾರಿಗೆ ಬಂದಿದೆ. ಯಂತ್ರಚಾಲಿತ ದೋಣಿಯ ಸರ್ವೆ, ನೋಂದಣಿ, ಸಿಬ್ಬಂದಿಯ ಅರ್ಹತೆ ಮತ್ತು ವಿಮೆಯ ಜೊತೆಗೆ ಮಾಲಿನ್ಯ ತಡೆಗೂ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಅದರಂತೆ ದೋಣಿಯಿಂದ ಮಾಲಿನ್ಯಕಾರಕಗಳನ್ನು ನೀರಿಗೆ ಬಿಡುವಂತಿಲ್ಲ ಹಾಗೂ ದೋಣಿಯು ಮಾಲಿನ್ಯ ತಡೆ ಪ್ರಮಾಣಪತ್ರವನ್ನು ಹೊಂದಿರಬೇಕು. ಕಾಯಿದೆಯು ದೋಣಿಯ ಮಾಲೀಕರ ಮೇಲೆ ಮಾತ್ರವಲ್ಲದೆ ಪ್ರಯಾಣಿಕರ ಅಥವಾ ಸರಕಿನ ನಿಲ್ದಾಣವನ್ನು ನಡೆಸುವವರ ಮೇಲೂ ಹೊಣೆಯನ್ನು ಹೊರಿಸಿದೆ. ಎಣ್ಣೆ, ರಾಸಾಯನಿಕ ಮತ್ತು ಶೌಚ ತ್ಯಾಜ್ಯವನ್ನು ದೋಣಿಗಳಿಂದ ಪಡೆದುಕೊಳ್ಳುವ ಸೌಲಭ್ಯವನ್ನು ನಿಲ್ದಾಣದಲ್ಲಿ ಒದಗಿಸುವುದು ಅವರ ಕರ್ತವ್ಯ. ಆದ್ದರಿಂದ ಸ್ವಂತ ದೋಣಿಕಟ್ಟೆಯನ್ನು ನಿರ್ಮಿಸುವ ಅರ್ಜಿದಾರರು ಎರಡೂ ಹೊಣೆಗಳನ್ನು ಹೊರಬೇಕಾಗುತ್ತದೆ. ಯಂತ್ರವಿಲ್ಲದ ಹರಿಗೋಲು, ತೆಪ್ಪಗಳ ವಿಷಯದಲ್ಲಿ ನೋಂದಾವಣೆಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟಕ್ಕೆ ವಿಕೇಂದ್ರೀಕರಿಸಲು ಕಾಯಿದೆಯಲ್ಲಿ ಅವಕಾಶವಿದೆ.

1986ರ ಪರಿಸರ (ಸಂರಕ್ಷಣೆ) ಕಾಯಿದೆಯ ದಂಡನೆಯ ಪ್ರಕರಣಕ್ಕೆ 2023ರ ಜನ ವಿಶ್ವಾಸ ಕಾಯಿದೆಯ ಮೂಲಕ ತಿದ್ದುಪಡಿಯಾಗಿದ್ದು, 2024ರ ಏಪ್ರಿಲ್ 1ರಿಂದ ಉಲ್ಲಂಘನೆಗೆ 10 ಸಾವಿರ ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

ಕೆಲವು ಅರ್ಜಿದಾರರು ಸಮುದ್ರದ ಹಡಗುಗಳಿಗೆ ಇರುವ ರಿಯಾಯಿತಿಯನ್ನು ಉಲ್ಲೇಖಿಸುವುದುಂಟು. ಹಡಗುಗಳ ಮಾಲಿನ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದದ 4ನೇ ಅನುಬಂಧದಂತೆ, ಪುಡಿಮಾಡಿ ಸೋಂಕು ನಿವಾರಿಸಿದ ಶೌಚ ತ್ಯಾಜ್ಯವನ್ನು ದಡದಿಂದ 3 ನಾವಿಕ ಮೈಲಿಗಳಾಚೆ, ಸಂಸ್ಕರಿಸದ ತ್ಯಾಜ್ಯವನ್ನು 12 ನಾವಿಕ ಮೈಲಿಗಳಾಚೆ, ಚಲಿಸುತ್ತಿರುವ ಹಡಗಿನಿಂದ ನಿಧಾನವಾಗಿ ಬಿಡಲು ಅವಕಾಶವಿದೆ. 12 ನಾವಿಕ ಮೈಲಿಯೆಂದರೆ ಸುಮಾರು 22 ಕಿಲೋಮೀಟರು. ಕೃಷ್ಣೆಯಲ್ಲಿ ಎಲ್ಲಿಯೇ ನಿಂತರೂ ದಡವು ಅಷ್ಟು ದೂರವಿರುವುದಿಲ್ಲ. ಸಮುದ್ರದ ನಿಯಮವನ್ನು ನದಿಗೆ ಅನ್ವಯಿಸಿಕೊಳ್ಳುವಂತಿಲ್ಲ.

ಶೌಚಾಲಯ ಬೇಕೇ ಎಂಬ ಪ್ರಶ್ನೆ

ಅರ್ಧ ಗಂಟೆಯೊಳಗೆ ಮುಗಿಯುವ ವಿಹಾರಕ್ಕೆ ಅಥವಾ ನದಿ ದಾಟಿಸುವ ದೋಣಿಗೆ ಶೌಚಾಲಯವನ್ನು ಅಳವಡಿಸದಿರುವುದೇ ಲೇಸು. ಅದರ ಬದಲು ಹತ್ತುವ ಸ್ಥಳದಲ್ಲಿ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾದ, ನೀರಿನ ಸೌಕರ್ಯವುಳ್ಳ ಶೌಚಾಲಯವನ್ನು ಒದಗಿಸಿ, ಪ್ರಯಾಣಕ್ಕೆ ಮೊದಲು ಬಳಸುವಂತೆ ಫಲಕ ಹಾಕಿದರೆ ಸಾಕು. ಹರಿಗೋಲಿನವರಿಗೂ ಇದೇ ಮಾತು ಅನ್ವಯಿಸುತ್ತದೆ. ಗುರುಗುಂಟಾದ ಅಮರೇಶ್ವರ ಜಾತ್ರೆ, ತಿಂಥಣಿಯ ಜಾತ್ರೆಗಳಂತಹ ಸಂದರ್ಭಗಳಲ್ಲಿ ಜನಸಂದಣಿ ಹೆಚ್ಚುವುದರಿಂದ ನದಿ ತೀರದಲ್ಲಿ ದೋಣಿ ನಡೆಸುವವರು ತಾತ್ಕಾಲಿಕ ಶೌಚಾಲಯಗಳ ವಿಷಯವನ್ನು ಗ್ರಾಮ ಪಂಚಾಯಿತಿಯೊಂದಿಗೆ ಮುಂಚಿತವಾಗಿ ಚರ್ಚಿಸುವುದು ಉಚಿತ.

ಒಂದು ಗಂಟೆಗೂ ಮೀರಿದ ವಿಹಾರ, ಊಟದ ವ್ಯವಸ್ಥೆಯುಳ್ಳ ದೋಣಿ ಹಾಗೂ ರಾತ್ರಿ ತಂಗುವ ಮನೆದೋಣಿಗಳಲ್ಲಿ ಶೌಚಾಲಯ ಅನಿವಾರ್ಯ. ವೃದ್ಧರು, ಮಕ್ಕಳು ಮತ್ತು ಮಧುಮೇಹಿಗಳು ಇರುವ ಗುಂಪಿಗೆ ಶೌಚಾಲಯವಿಲ್ಲದ ದೀರ್ಘ ಪ್ರಯಾಣವನ್ನು ಏರ್ಪಡಿಸುವುದು ಸರಿಯಲ್ಲ. ಕೇರಳದ ವೆಂಬನಾಡು ಹಿನ್ನೀರಿನಲ್ಲಿ ಮನೆದೋಣಿಗಳ ಸಂಖ್ಯೆ ಬೆಳೆದಂತೆ ಅವುಗಳ ಶೌಚ ತ್ಯಾಜ್ಯವೇ ದೊಡ್ಡ ಸಮಸ್ಯೆಯಾಯಿತು. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್ ನೌಕೆಯು ತನ್ನೊಳಗೇ ಶೌಚ ನೀರಿನ ಸಂಸ್ಕರಣಾ ಘಟಕವನ್ನು ಹೊಂದಿತ್ತು. ಅಷ್ಟು ದೊಡ್ಡ ನೌಕೆಗೆ ಅದು ಸಾಧ್ಯ. 30–40 ಆಸನಗಳ ದೋಣಿಗೆ ಹಿಡಿದಿಡುವ ಟ್ಯಾಂಕಿಯೇ ಕಾರ್ಯಸಾಧ್ಯವಾದ ಮಾರ್ಗ.

ಟ್ಯಾಂಕಿಯ ಗಾತ್ರವನ್ನು ಲೆಕ್ಕ ಹಾಕುವ ಕ್ರಮ

ಅರ್ಜಿಯೊಂದಿಗೆ ಸಲ್ಲಿಸುವ ನಕ್ಷೆಯಲ್ಲಿ ಟ್ಯಾಂಕಿಯ ಗಾತ್ರವನ್ನು ಬರೆದರೆ ಸಾಲದು, ಅದು ಹೇಗೆ ಬಂದಿತೆಂಬ ಲೆಕ್ಕವನ್ನೂ ಕೊಡುವುದು ಒಳ್ಳೆಯದು. ಉದಾಹರಣೆಗೆ, 40 ಆಸನಗಳ ವಿಹಾರ ದೋಣಿಯೊಂದು ದಿನಕ್ಕೆ 3 ಸುತ್ತು ಹೋಗುತ್ತದೆ ಎಂದಿಟ್ಟುಕೊಂಡರೆ ಪ್ರಯಾಣಿಕರ ಸಂಖ್ಯೆ 120. ಐವರಲ್ಲಿ ಒಬ್ಬರು ಶೌಚಾಲಯವನ್ನು ಬಳಸುವರೆಂದು ಭಾವಿಸಿದರೆ ದಿನಕ್ಕೆ 24 ಬಳಕೆ. ಕಡಿಮೆ ನೀರಿನ ಬೇಸಿನ್ನು ಅಳವಡಿಸಿ, ತೊಳೆಯುವ ನೀರೂ ಸೇರಿ ಪ್ರತಿ ಬಳಕೆಗೆ 5 ಲೀಟರು ಎಂದು ಹಿಡಿದರೆ ದಿನಕ್ಕೆ 120 ಲೀಟರು. ಎರಡು ದಿನಕ್ಕೊಮ್ಮೆ ಖಾಲಿ ಮಾಡುವುದಾದರೆ 240 ಲೀಟರು. ಇದಕ್ಕೆ ಕಾಲು ಭಾಗ ಹೆಚ್ಚುವರಿ ಸೇರಿಸಿದರೆ 300 ಲೀಟರಿನ ಟ್ಯಾಂಕಿ ಬೇಕಾಗುತ್ತದೆ. ಅದೇ ದೋಣಿಗೆ ಮನೆಗಳಲ್ಲಿ ಬಳಸುವ ಸಾಮಾನ್ಯ ಫ್ಲಷ್ ಕೂರಿಸಿ, ಪ್ರತಿ ಬಳಕೆಗೆ 12 ಲೀಟರು ಖರ್ಚಾದರೆ ಬೇಕಾಗುವ ಟ್ಯಾಂಕಿಯು 720 ಲೀಟರಿನದು. ಬೇಸಿನ್ನಿನ ಆಯ್ಕೆಯು ಟ್ಯಾಂಕಿಯ ಗಾತ್ರವನ್ನು ಎರಡು ಪಟ್ಟಿಗೂ ಮೀರಿ ಬದಲಿಸುತ್ತದೆ.

300 ಲೀಟರು ತುಂಬಿದ ಟ್ಯಾಂಕಿಯ ತೂಕ 300 ಕಿಲೋಗ್ರಾಂಗೂ ಹೆಚ್ಚು, ಅಂದರೆ ಐವರು ವಯಸ್ಕರ ತೂಕದಷ್ಟು. ಈ ತೂಕವನ್ನು ದೋಣಿಯ ಪ್ರಯಾಣಿಕರ ಮಿತಿಯಲ್ಲಿ ಕಳೆಯತಕ್ಕದ್ದು. ಅರ್ಧ ತುಂಬಿದ ಟ್ಯಾಂಕಿಯಲ್ಲಿ ದ್ರವವು ಒಂದು ಪಕ್ಕಕ್ಕೆ ಸರಿದಾಗ ದೋಣಿಯು ಅದೇ ಪಕ್ಕಕ್ಕೆ ಇನ್ನಷ್ಟು ವಾಲುತ್ತದೆ. ಟ್ಯಾಂಕಿಯನ್ನು ದೋಣಿಯ ನಡುಭಾಗದಲ್ಲಿ, ಆದಷ್ಟು ತಳದಲ್ಲಿ ಕೂರಿಸಿ, ಒಳಗೆ ಅಡ್ಡ ತಡೆಹಲಗೆಗಳನ್ನು ಹಾಕಿಸಬೇಕು. ದೋಣಿಯ ಒಡಲಿನ ತಗಡನ್ನೇ ಟ್ಯಾಂಕಿಯ ಗೋಡೆಯನ್ನಾಗಿ ಮಾಡುವುದು ಸರಿಯಲ್ಲ. ತುಕ್ಕು ಹಿಡಿದು ತೂತು ಬಿದ್ದರೆ ಒಳಗಿನ ತ್ಯಾಜ್ಯವು ಯಾರಿಗೂ ತಿಳಿಯದಂತೆ ನದಿಗೆ ಸೋರುತ್ತದೆ.

ರಾತ್ರಿ ತಂಗುವ ಮನೆದೋಣಿಯಲ್ಲಿ ಲೆಕ್ಕ ಬೇರೆಯಾಗುತ್ತದೆ. 8 ಜನರಿದ್ದು ಪ್ರತಿಯೊಬ್ಬರೂ ದಿನಕ್ಕೆ 6 ಬಾರಿ ಶೌಚಾಲಯವನ್ನು ಬಳಸಿದರೆ 240 ಲೀಟರು. ಸ್ನಾನ ಮತ್ತು ಅಡುಗೆಮನೆಯ ನೀರು ಇದಕ್ಕಿಂತ ಹೆಚ್ಚಾಗುವುದರಿಂದ ಅದಕ್ಕೆ ಪ್ರತ್ಯೇಕ ಟ್ಯಾಂಕಿ ಇರುವುದು ಒಳಿತು. ಎರಡನ್ನೂ ಒಂದೇ ಟ್ಯಾಂಕಿಗೆ ಬಿಟ್ಟರೆ ಅದು ಒಂದೇ ದಿನದಲ್ಲಿ ತುಂಬಿ, ಸಿಬ್ಬಂದಿಯು ಕವಾಟವನ್ನು ತೆರೆದು ನದಿಗೆ ಬಿಡುವ ಸಂಭವವಿರುತ್ತದೆ. ಅಡುಗೆಮನೆಯ ನೀರಿಗೆ ಜಿಡ್ಡು ತಡೆಯುವ ಜಾಲರಿ ಬೇಕು.

ಟ್ಯಾಂಕಿಗೆ ಗಾಳಿ ಕೊಳವೆಯಿದ್ದು ಅದರ ಬಾಯಿ ಚಾವಣಿಯ ಮೇಲೆ, ಒಲೆ ಮತ್ತು ಎಂಜಿನಿನಿಂದ ದೂರದಲ್ಲಿರಬೇಕು. ಎಷ್ಟು ತುಂಬಿದೆಯೆಂದು ಹೊರಗಿನಿಂದ ಕಾಣುವ ಸೂಚಕವಿರಬೇಕು. ನದಿಗೆ ತೆರೆದುಕೊಳ್ಳುವ ಕೊಳವೆ ಇರಲೇಬಾರದು. ಹಳೆಯ ದೋಣಿಯನ್ನು ಕೊಂಡವರು ಅಂತಹ ಕೊಳವೆಯಿದ್ದಲ್ಲಿ ಕವಾಟವನ್ನು ಬೀಗ ಹಾಕಿ ಬಿಡದೆ, ಕೊಳವೆಯನ್ನೇ ತೆಗೆಸಿ ಬೆಸುಗೆ ಹಾಕಿಸುವುದು ಸೂಕ್ತ. ಬೀಗಕ್ಕೆ ಕೀಲಿಕೈ ಇದ್ದೇ ಇರುತ್ತದೆ.

ರಾಸಾಯನಿಕ ಮತ್ತು ಜೈವಿಕ ಶೌಚಾಲಯಗಳ ಬಗ್ಗೆ

ಬ್ಲೀಚಿಂಗ್ ಪುಡಿಯನ್ನು ಸುರಿದ ತ್ಯಾಜ್ಯವನ್ನು ನದಿಗೆ ಬಿಡಬಹುದೆಂಬ ತಪ್ಪು ತಿಳಿವಳಿಕೆ ಅಲ್ಲಲ್ಲಿ ಇದೆ. ಗಾಢ ಮಲದ ಉಂಡೆಗಳ ಒಳಗೆ ಕ್ಲೋರಿನ್ ಇಳಿಯುವುದಿಲ್ಲ. ಮೇಲ್ಭಾಗದ ವಾಸನೆ ಕಡಿಮೆಯಾಗುತ್ತದೆ ಅಷ್ಟೆ. ಕೊಳೆಯುವ ಪದಾರ್ಥವಂತೂ ಹಾಗೆಯೇ ಉಳಿಯುತ್ತದೆ. ಫಾರ್ಮಾಲ್ಡಿಹೈಡ್ ಬೆರೆತ ದ್ರವಗಳನ್ನು ಟ್ಯಾಂಕಿಗೆ ಹಾಕಿದರೆ ಮುಂದೆ ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯವನ್ನು ಜೀರ್ಣಿಸಬೇಕಾದ ಸೂಕ್ಷ್ಮಾಣುಗಳೇ ಸಾಯುತ್ತವೆ. ಇಂತಹ ತ್ಯಾಜ್ಯವನ್ನು ಘಟಕದವರು ನಿರಾಕರಿಸಬಹುದು.

ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ರೂಪಿಸಿದ ಜೈವಿಕ ಶೌಚಾಲಯವನ್ನು ರೈಲ್ವೆ ಬೋಗಿಗಳಲ್ಲಿ ವ್ಯಾಪಕವಾಗಿ ಅಳವಡಿಸಲಾಗಿದ್ದು, ಹಳಿಗಳ ಮೇಲೆ ಮಲ ಬೀಳುವುದು ಅದರಿಂದ ನಿಂತಿದೆ. ದೋಣಿಗೂ ಅದನ್ನು ಬಳಸಬಹುದು. ಆದರೆ ಅದರಿಂದ ಹೊರಬರುವ ನೀರು ರೋಗಾಣುಮುಕ್ತವೆಂದು ತಿಳಿಯಬಾರದು. ಶೌಚ ನೀರಿನ ಸಂಸ್ಕರಣಾ ಘಟಕಗಳಿಗಾಗಿ 2017ರಲ್ಲಿ ಹೊರಡಿಸಿದ ಅಧಿಸೂಚನೆಯು ಹೊರಬಿಡುವ ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್ 100 ಮಿಲಿಲೀಟರಿಗೆ 1000ಕ್ಕಿಂತ ಕಡಿಮೆ ಇರಬೇಕೆಂದು ನಿಗದಿಪಡಿಸಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರಲ್ಲಿ ಇದಕ್ಕಿಂತಲೂ ಬಿಗಿಯಾದ ಮಿತಿಯನ್ನು ಸೂಚಿಸಿತು. ಜೈವಿಕ ಶೌಚಾಲಯದ ನೀರನ್ನೂ ದೋಣಿಯಲ್ಲಿ ಹಿಡಿದಿಟ್ಟು ದಡಕ್ಕೆ ತರುವುದೇ ಕ್ಷೇಮ.

ದಡಕ್ಕೆ ವರ್ಗಾವಣೆ

ಅರ್ಜಿದಾರರು ಹೆಚ್ಚು ಗಮನ ಕೊಡಬೇಕಾದ ಭಾಗವಿದು. ಟ್ಯಾಂಕಿಯನ್ನು ಖಾಲಿ ಮಾಡಲು ಸಾಮಾನ್ಯವಾಗಿ ಸಕ್ಕಿಂಗ್ ಯಂತ್ರದ ವಾಹನವನ್ನು ಕರೆಸಲಾಗುತ್ತದೆ. ಈ ಯಂತ್ರವು ಗಾಳಿಯನ್ನು ಹೀರಿ ನಿರ್ವಾತವನ್ನು ಉಂಟುಮಾಡುವುದರಿಂದ ಎಷ್ಟೇ ಶಕ್ತಿಶಾಲಿಯಾದರೂ ದ್ರವವನ್ನು ಸಿದ್ಧಾಂತದಂತೆ ಸುಮಾರು 10 ಮೀಟರಿಗಿಂತ, ವಾಸ್ತವದಲ್ಲಿ 6–7 ಮೀಟರಿಗಿಂತ ಎತ್ತರಕ್ಕೆ ಎಳೆಯಲಾರದು. ಗಾಢ ಕೆಸರನ್ನು ಅಷ್ಟೂ ಎಳೆಯದು. ಕೃಷ್ಣೆಯ ದಂಡೆಗಳು ಹಲವೆಡೆ ಕಡಿದಾಗಿವೆ. ನಾರಾಯಣಪುರ ಜಲಾಶಯದ ಗರಿಷ್ಠ ನೀರಿನ ಮಟ್ಟ 492.252 ಮೀಟರು, ಬೇಸಿಗೆಯಲ್ಲಿ ಮಟ್ಟ ಇಳಿದಾಗ ನೀರಿನಂಚು ದೂರಕ್ಕೂ ಕೆಳಕ್ಕೂ ಸರಿಯುತ್ತದೆ. ಜಲಾಶಯ ತುಂಬಿದ ದಿನಗಳಲ್ಲಿ ದೋಣಿಯ ಪಕ್ಕದಲ್ಲಿಯೇ ನಿಲ್ಲುತ್ತಿದ್ದ ವಾಹನವು ಏಪ್ರಿಲ್‌ನಲ್ಲಿ ದಂಡೆಯ ಮೇಲೆ ನಿಂತು ನಿರುಪಯುಕ್ತವಾಗಬಹುದು. ಆದ್ದರಿಂದ ಯೋಜನೆಯನ್ನು ಅತ್ಯಂತ ಕಡಿಮೆ ನೀರಿರುವ ದಿನದ ಅಳತೆಯಿಂದ ರೂಪಿಸತಕ್ಕದ್ದು.

ಇದಕ್ಕೆ ಸರಳವಾದ ಪರಿಹಾರವೆಂದರೆ ದೋಣಿಯಲ್ಲಿಯೇ ಒಂದು ಸಣ್ಣ ಒತ್ತು ಪಂಪನ್ನಿಟ್ಟು, ಗಟ್ಟಿ ಮೆದುಗೊಳವೆಯ ಮೂಲಕ ದಂಡೆಯ ಮೇಲಿನ ಮುಚ್ಚಿದ ಟ್ಯಾಂಕಿಗೆ ತ್ಯಾಜ್ಯವನ್ನು ಏರಿಸುವುದು. ತಳ್ಳುವ ಪಂಪಿಗೆ ಹೀರುವ ಯಂತ್ರದ ಎತ್ತರದ ಮಿತಿ ಇಲ್ಲ. ದಂಡೆಯ ಟ್ಯಾಂಕಿಯಿಂದ ವಾಹನವು ತುಂಬಿಕೊಳ್ಳಬಹುದು. ಮೆದುಗೊಳವೆಯ ಎರಡೂ ತುದಿಗಳಿಗೆ ಬಿಗಿಯಾದ ಜೋಡಣೆಯೂ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟವೂ ಇರಬೇಕು. ಜೋಡಣೆಯ ಕೆಳಗೆ ತಟ್ಟೆಯನ್ನಿಟ್ಟರೆ ಬಿಚ್ಚುವಾಗ ತೊಟ್ಟಿಕ್ಕುವ ದ್ರವ ನೀರಿಗೆ ಬೀಳುವುದಿಲ್ಲ.

ದಂಡೆಯ ಟ್ಯಾಂಕಿಯನ್ನು ಪ್ರವಾಹದ ಮಟ್ಟಕ್ಕಿಂತ ಮೇಲೆ ನಿರ್ಮಿಸತಕ್ಕದ್ದು. ನಾರಾಯಣಪುರದಿಂದ ಹೆಚ್ಚಿನ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುವುದು ಈ ಭಾಗದವರಿಗೆ ಪರಿಚಿತ. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಊರಿನ ಹಿರಿಯರು ತೋರಿಸಬಲ್ಲರು. ಕಾಗದದ ಮೇಲಿನ ಗೆರೆಯ ಜೊತೆಗೆ ಅವರ ಮಾತನ್ನೂ ಕೇಳುವುದು ಪ್ರಯೋಜನಕಾರಿ. ಮುಳುಗಿದ ಟ್ಯಾಂಕಿಯಿಂದ ತಿಂಗಳುಗಟ್ಟಲೆ ಹಿಡಿದಿಟ್ಟ ತ್ಯಾಜ್ಯವೆಲ್ಲ ಒಂದೇ ರಾತ್ರಿಯಲ್ಲಿ ನದಿಗೆ ಸೇರಿದರೆ ಹಿಡಿದಿಟ್ಟ ಶ್ರಮವೇ ವ್ಯರ್ಥ.

ಟ್ಯಾಂಕಿಯೊಳಗೆ ಮನುಷ್ಯರನ್ನು ಇಳಿಸಬಾರದು

ದೋಣಿಯ ಟ್ಯಾಂಕಿಯಾಗಲಿ, ದಂಡೆಯ ಟ್ಯಾಂಕಿಯಾಗಲಿ, ಅದನ್ನು ತೊಳೆಯಲು ಅಥವಾ ಕಟ್ಟಿಕೊಂಡ ಕೊಳವೆಯನ್ನು ಬಿಡಿಸಲು ಕೆಲಸಗಾರನನ್ನು ಒಳಗಿಳಿಸುವುದು ಯಾವ ಕಾರಣಕ್ಕೂ ಸಲ್ಲದು. ಮುಚ್ಚಿದ ಟ್ಯಾಂಕಿಯಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಕೊಳೆತ ಮೊಟ್ಟೆಯ ವಾಸನೆಯನ್ನು ಬೀರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ಮರಗಟ್ಟಿ ವಾಸನೆ ಇಲ್ಲವೆನಿಸುತ್ತದೆ. ವಾಸನೆ ಹೋಯಿತೆಂದು ಒಳಗಿಳಿದವನು ಕುಸಿಯುತ್ತಾನೆ, ಎತ್ತಲು ಇಳಿದ ಇನ್ನೊಬ್ಬನೂ ಅಲ್ಲಿಯೇ ಉಳಿಯುತ್ತಾನೆ. ಇಂತಹ ಸಾವುಗಳಲ್ಲಿ ಒಂದಕ್ಕಿಂತ ಹೆಚ್ಚು ಜನರು ಸಾಯುವುದು ಈ ಕಾರಣದಿಂದಲೇ. ಗುಂಡಿ ಎಷ್ಟು ಆಳ ಎಂಬುದು ಇಲ್ಲಿ ಮುಖ್ಯವಲ್ಲ; ಮನುಷ್ಯನ ತಲೆ ಒಳಗೆ ಹೋಗುವಷ್ಟು ಬಾಯಿಯಿದ್ದರೆ ಸಾಕು.

2013ರ ಮಲ ಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಕಾಯಿದೆಯು ಮಲಗುಂಡಿಯನ್ನು ಅಪಾಯಕಾರಿ ರೀತಿಯಲ್ಲಿ ಶುಚಿಗೊಳಿಸಲು ಯಾರನ್ನೇ ಆಗಲಿ ನೇಮಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಒಳಚರಂಡಿ ಸಾವುಗಳಿಗೆ ಪರಿಹಾರದ ಮೊತ್ತವನ್ನು 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಟ್ಯಾಂಕಿಯನ್ನು ಹೊರಗಿನಿಂದಲೇ ನೀರಿನ ರಭಸದಿಂದ ತೊಳೆಯುವಂತೆ ಬಾಯಿ ಮತ್ತು ಕೊಳವೆಗಳನ್ನು ವಿನ್ಯಾಸದ ಹಂತದಲ್ಲಿಯೇ ಇಡಬೇಕು. ಈ ವ್ಯವಸ್ಥೆಯಿಲ್ಲದ ನಕ್ಷೆಯು ಉಳಿದೆಲ್ಲ ರೀತಿಯಲ್ಲಿ ಸರಿಯಿದ್ದರೂ ಅಪೂರ್ಣವೇ.

ಸಂಸ್ಕರಣೆಯ ಸ್ಥಳ

ವಾಹನವು ತುಂಬಿಕೊಂಡ ತ್ಯಾಜ್ಯ ಎಲ್ಲಿಗೆ ಹೋಗುತ್ತದೆಂಬುದು ಅರ್ಜಿದಾರರ ಹೊಣೆಯ ಹೊರಗಿನ ವಿಷಯವಲ್ಲ. ರಾಜ್ಯದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕವು ಕಾರ್ಯಾರಂಭ ಮಾಡಿತು. ಅಲ್ಲಿ ಕೆಸರನ್ನು ಒಣಗಿಸಿ, ಹಸಿಕಸದೊಂದಿಗೆ ಗೊಬ್ಬರವನ್ನಾಗಿ ಮಾಡಲಾಗುತ್ತದೆ. ಗ್ರಾಮೀಣ ಪ್ರದೇಶಗಳಿಗೆ ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದಲ್ಲಿ ಮಲತ್ಯಾಜ್ಯ ನಿರ್ವಹಣೆಯನ್ನು ಸೇರಿಸಲಾಗಿದೆ. ಗುರುಗುಂಟಾ ಭಾಗದ ಅರ್ಜಿದಾರರು ಲಿಂಗಸುಗೂರು ಪುರಸಭೆ, ಹಟ್ಟಿ ಪಟ್ಟಣ ಪಂಚಾಯಿತಿ, ಮಸ್ಕಿ ಪುರಸಭೆ ಅಥವಾ ಸಿಂಧನೂರು ನಗರಸಭೆಯನ್ನು ಸಂಪರ್ಕಿಸಿ, ತಮ್ಮ ತ್ಯಾಜ್ಯವನ್ನು ಸ್ವೀಕರಿಸಲು ಸಾಧ್ಯವೇ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳುವುದು ಸೂಕ್ತ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ದೋಣಿಯನ್ನು ಕಟ್ಟಿಸಬಾರದು.

ವಾಹನದವರು ಕಡಿಮೆ ಬಾಡಿಗೆಗೆ ಒಪ್ಪಿ ಹೊಲಗಳಿಗೆ ಸುರಿಯುವುದುಂಟು. ಗೊಬ್ಬರವೆಂದು ರೈತರೂ ಒಪ್ಪುತ್ತಾರೆ. ಹಸಿ ಮಲದಲ್ಲಿ ಹೊಟ್ಟೆ ಹುಳುಗಳ ಮೊಟ್ಟೆಗಳು ತಿಂಗಳುಗಳ ಕಾಲ ಜೀವಂತವಾಗಿರುವುದರಿಂದ ಕಾಯಿಪಲ್ಯೆ ಬೆಳೆಯುವ ಹೊಲಕ್ಕೂ ನೀರು ನಿಲ್ಲುವ ಭತ್ತದ ಗದ್ದೆಗೂ ಇದನ್ನು ಬಿಡುವುದು ಹಾನಿಕರ.

ಅರ್ಜಿಯ ಕ್ರಮ

ಯಂತ್ರಚಾಲಿತ ದೋಣಿಯ ಸರ್ವೆ ಮತ್ತು ನೋಂದಣಿಯ ವಿಷಯವನ್ನು ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ನಾರಾಯಣಪುರ ಜಲಾಶಯ ಹಾಗೂ ಅದರ ಅಂಚಿನ ಜಮೀನಿಗೆ ಸಂಬಂಧಿಸಿದಂತೆ ಕೃಷ್ಣಾ ಭಾಗ್ಯ ಜಲ ನಿಗಮದ ಅನುಮತಿ ಬೇಕಾಗುತ್ತದೆ. ದಡದಲ್ಲಿ ವಸತಿಗೃಹ, ಉಪಾಹಾರ ಗೃಹಗಳನ್ನೂ ನಡೆಸುವುದಾದರೆ ಅವುಗಳ ಕೊಳಚೆ ನೀರಿನ ವಿಷಯವಾಗಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ರಾಯಚೂರು ಪ್ರಾದೇಶಿಕ ಕಚೇರಿಯನ್ನು ಮೊದಲೇ ಸಂಪರ್ಕಿಸಿ, ಸ್ಥಾಪನಾ ಸಮ್ಮತಿ ಹಾಗೂ ಕಾರ್ಯಾಚರಣೆ ಸಮ್ಮತಿಗಳ ಅಗತ್ಯವನ್ನು ತಿಳಿದುಕೊಳ್ಳತಕ್ಕದ್ದು. ಸಮ್ಮತಿಯಿಲ್ಲದೆ ಕಟ್ಟಡವನ್ನು ಆರಂಭಿಸಿ ನಂತರ ಸಕ್ರಮಗೊಳಿಸಿಕೊಳ್ಳಬಹುದೆಂಬ ಲೆಕ್ಕಾಚಾರ ಸರಿಯಲ್ಲ.

ಅರ್ಜಿಯೊಂದಿಗೆ ದೋಣಿಯ ನಕ್ಷೆ, ಟ್ಯಾಂಕಿಯ ಗಾತ್ರದ ಲೆಕ್ಕ, ತುಂಬಿದ ಟ್ಯಾಂಕಿಯ ತೂಕವನ್ನು ಸೇರಿಸಿ ಮಾಡಿದ ಸ್ಥಿರತೆಯ ಲೆಕ್ಕ, ವರ್ಗಾವಣೆಯ ಸ್ಥಳದ ನಕ್ಷೆ ಮತ್ತು ತ್ಯಾಜ್ಯವನ್ನು ಸ್ವೀಕರಿಸುವ ಸಂಸ್ಥೆಯ ಒಪ್ಪಿಗೆ ಪತ್ರವನ್ನು ಸಿದ್ಧವಾಗಿಟ್ಟುಕೊಂಡರೆ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಸಲ್ಲಿಸಿದ ಪ್ರತಿಯೊಂದು ಕಾಗದಕ್ಕೂ ದಿನಾಂಕವುಳ್ಳ ಸ್ವೀಕೃತಿಯನ್ನು ಪಡೆದುಕೊಳ್ಳುವುದು ಅರ್ಜಿದಾರರ ಹಕ್ಕು.

ದೋಣಿಯಲ್ಲಿ ಒಂದು ವಹಿಯನ್ನು ಇಡತಕ್ಕದ್ದು. ಟ್ಯಾಂಕಿಯನ್ನು ಖಾಲಿ ಮಾಡಿದ ದಿನಾಂಕ, ಅಂದಾಜು ಪ್ರಮಾಣ, ವಾಹನದ ಸಂಖ್ಯೆ ಮತ್ತು ಸಂಸ್ಕರಣಾ ಸ್ಥಳದವರು ಕೊಟ್ಟ ರಸೀದಿಯನ್ನು ಅದರಲ್ಲಿ ನಮೂದಿಸಬೇಕು. ದಿನಕ್ಕೆ ಮೂರು ಸುತ್ತು ಹೋಗುವ ದೋಣಿಯ ವಹಿಯಲ್ಲಿ ತಿಂಗಳಿಗೆ ಎರಡೇ ರಸೀದಿಗಳಿದ್ದರೆ ಉಳಿದ ತ್ಯಾಜ್ಯ ಎಲ್ಲಿ ಹೋಯಿತೆಂದು ತಪಾಸಣೆಗೆ ಬಂದವರು ಕೇಳುವುದು ನ್ಯಾಯವೇ.

ಸೋರಿಕೆಯಾದಲ್ಲಿ

ಅಪಘಾತದಿಂದ ಅಥವಾ ಪ್ರವಾಹದಿಂದ ಟ್ಯಾಂಕಿ ಒಡೆದು ತ್ಯಾಜ್ಯವು ನದಿಗೆ ಸೇರಿದಲ್ಲಿ, ಜಲ ಕಾಯಿದೆಯ 31ನೇ ಪ್ರಕರಣದಂತೆ ಆ ಸ್ಥಳದ ಉಸ್ತುವಾರಿ ಹೊತ್ತವರು ರಾಜ್ಯ ಮಂಡಳಿಗೆ ಕೂಡಲೇ ತಿಳಿಸತಕ್ಕದ್ದು. ಇದರೊಂದಿಗೆ ಕೆಳಭಾಗದ ಗ್ರಾಮ ಪಂಚಾಯಿತಿಗಳಿಗೂ ನೀರು ಸರಬರಾಜಿನ ಪಂಪು ನಡೆಸುವವರಿಗೂ ದೂರವಾಣಿಯ ಮೂಲಕ ಸುದ್ದಿ ಮುಟ್ಟಿಸಬೇಕು. ಪಂಪನ್ನು ಕೆಲವು ಗಂಟೆಗಳ ಕಾಲ ನಿಲ್ಲಿಸುವುದರಿಂದಲೇ ಇಡೀ ಊರು ವಾಂತಿಭೇದಿಯಿಂದ ಪಾರಾಗಬಹುದು. ದಂಡದ ಭಯದಿಂದ ಸುದ್ದಿಯನ್ನು ಮುಚ್ಚಿಟ್ಟಲ್ಲಿ ಆ ಕೆಲವು ಗಂಟೆಗಳು ಕಳೆದುಹೋಗುತ್ತವೆ. ನಡುಗಡ್ಡೆಯ ಮನೆಗಳಿಗೆ ದೂರವಾಣಿ ಸಿಗದಿದ್ದಲ್ಲಿ ದೋಣಿಯ ಸಿಬ್ಬಂದಿಯೇ ಹೋಗಿ ತಿಳಿಸತಕ್ಕದ್ದು.